ಅತ್ತೆ ಬಿಟ್ಟುಬಂದ ಮಾತು

ಬೆಟ್ಟ ಹತ್ತಲಾಗದವರನ್ನು ಹೊತ್ತೊಯ್ಯುವ ಆ ಬುಟ್ಟಿಯನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ, ಅವನಿಗೆ ಸೊಸೆಯರ ಮೇಲೆ ಏನೋ ಹಳೆಯ ಸೇಡು ಇದ್ದಿರಬೇಕು. ಬೆತ್ತದ ದೊಡ್ಡ ಬುಟ್ಟಿ. ಒಂದು ಪಕ್ಕ ಕತ್ತರಿಸಿ ಕೂರಲು ಜಾಗ ಮಾಡಿರುತ್ತಾರೆ. ಹೊರುವವನು ಅದರ ಪಟ್ಟಿಯನ್ನು ಹಣೆಗೆ ಸಿಕ್ಕಿಸಿಕೊಂಡು ಮುಂದೆ ನೋಡುತ್ತಾ ಹತ್ತುತ್ತಾನೆ. ಕೂತವರು ಅವನ ಬೆನ್ನಿಗೆ ಬೆನ್ನು ಕೊಟ್ಟು, ಹಿಂದಕ್ಕೆ ಮುಖ ಮಾಡಿ, ಕಾಲು ಇಳಿಬಿಟ್ಟಿರುತ್ತಾರೆ. ಹಾಗಾಗಿ ದೇವರನ್ನು ನೋಡಲು ಹೊರಟವರಿಗೆ ದೇವರಿರುವ ದಿಕ್ಕೇ ಕಾಣುವುದಿಲ್ಲ. ಕಾಣುವುದು ಹಿಂದೆ ನಡೆದು ಬರುವವರ ಮುಖ. ಅತ್ತೆ ಬುಟ್ಟಿಯಲ್ಲಿ ಕೂತರು, ಹಿರಿಸೊಸೆ ಹಿಂದೆ ನಡೆದಳು. ಒಂದೇ ಅಡಿಗೆಮನೆಯಲ್ಲಿ ವರ್ಷಗಟ್ಟಲೆ ಒಬ್ಬರ ಕಣ್ಣು ಒಬ್ಬರು ತಪ್ಪಿಸಿಕೊಂಡು ಓಡಾಡಿದ ಇಬ್ಬರು ಹೆಂಗಸರು ಬೆಳಗಿನಿಂದ ಮಧ್ಯಾಹ್ನದವರೆಗೆ ಮುಖಾಮುಖಿಯಾಗಿ ಬೆಟ್ಟ ಹತ್ತಬೇಕಾಯಿತು.

ಉಳಿದವರು ಕುದುರೆ ಏರಿ ಮುಂದೆ ಹೋಗಿದ್ದರು: ಮೈದುನ, ಅವನ ಹೆಂಡತಿ, ಜೊತೆಗೆ ಹಿರಿಸೊಸೆಯ ಒಬ್ಬಳೇ ಮಗಳು. ಯಾತ್ರೆಯ ಯಜಮಾನಿಕೆಯೆಲ್ಲ ಮೈದುನನದು. ಯಾವ ಗುಡಿಗೆ ಹೋದರೂ ಅಲ್ಲಿನ ಪೂಜಾರಿಗಿಂತ ಮೊದಲು ತಾನೇ ಸ್ಥಳಪುರಾಣ ಶುರುಮಾಡುತ್ತಿದ್ದ. ಮನೆಯವರು ಅವನಿಗೆ ಗೈಡು ಎಂದೇ ಹೆಸರಿಟ್ಟಿದ್ದರು, ಅದನ್ನವನು ಹೊಗಳಿಕೆ ಎಂದುಕೊಂಡಿದ್ದ. ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಕುದುರೆಗಳನ್ನು ಗೊತ್ತುಮಾಡಿದವನು, "ಅತ್ತಿಗೆ, ನೀವು ಅಮ್ಮನ ಜೊತೆ ನಡ್ಕೊಂಡು ಬನ್ನಿ. ನಿಮಗೆ ಅಭ್ಯಾಸ ಇದೆಯಲ್ಲ," ಅಂದ. ಬೆಟ್ಟ ಹತ್ತುವ ಅಭ್ಯಾಸವೋ ಅಮ್ಮನ ಅಭ್ಯಾಸವೋ ಅವನು ಬಿಡಿಸಿ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಅತ್ತೆಯ ಜೊತೆ ಇರುವುದೇ ಅವಳಿಗೆ ಬೇಕಾಗಿತ್ತು.

ಅವಳಿಗೆ ದೇವರ ಮೇಲೆ ಅಂಥ ಭಕ್ತಿಯೇನೂ ಇರಲಿಲ್ಲ. ಮೆಡಿಕಲ್ ಶಾಪಿನ ಕೌಂಟರಿನಲ್ಲಿ ದಿನವಿಡೀ ನಿಂತು, ಸಂಜೆ ಊದಿದ ಕಾಲೆಳೆದುಕೊಂಡು ಮನೆಗೆ ಬಂದು, ದೇವರ ಮುಂದೆ ಒಂದು ದೀಪ ಹಚ್ಚಿದರೆ ಅವಳ ಲೆಕ್ಕ ಮುಗಿಯಿತು. ಅವಳು ಈ ಚಳಿಯಲ್ಲಿ, ಕುದುರೆ ಲದ್ದಿ ತುಳಿದುಕೊಂಡು, ಏದುಸಿರು ಬಿಡುತ್ತಾ ಬಂದಿದ್ದು ಅತ್ತೆಯ ಬಾಯಿಂದ ಬರಬೇಕಾದ ಒಂದು ಮಾತಿಗಾಗಿ.

ಮಗಳು ಇನ್ನೂ ಹೈಸ್ಕೂಲಿನಲ್ಲಿದ್ದಾಗಿನ ಮಾತು. ಒಂದು ಸಂಜೆ ಗಂಡ ಕೆಲಸದಿಂದ ಬಂದವನೇ ಶೂ ಕೂಡ ಬಿಚ್ಚದೆ ಹಾಲಿನಲ್ಲಿ ಕೂತುಬಿಟ್ಟ. ಅಂಗಿ ಬೆವರಿಗೆ ತೊಪ್ಪೆಯಾಗಿತ್ತು. ಎಡಗೈ ಎಳೆಯುತ್ತಿದೆ, ದವಡೆ ಹಿಡಿದುಕೊಂಡಿದೆ ಅಂದ. ಔಷಧಿ ಅಂಗಡಿಯಲ್ಲಿ ನಿಲ್ಲುವವಳಿಗೆ ಅಷ್ಟು ಸಾಕಾಗಿತ್ತು. ಬೀದಿಗೆ ಓಡಿಹೋಗಿ ಟ್ಯಾಕ್ಸಿ ಹಿಡಿದು ಬಾಗಿಲಿಗೆ ತಂದು ನಿಲ್ಲಿಸಿದಳು. ಅತ್ತೆ ಹೊಸ್ತಿಲಲ್ಲಿ ಅಡ್ಡ ನಿಂತರು.

"ಗ್ಯಾಸು ಕಣೇ ಅದು. ಹೊತ್ತಲ್ಲದ ಹೊತ್ತಲ್ಲಿ ಹೊರಗಡೆ ತಿಂದಿದ್ದಾನೆ. ಹೆತ್ತವಳಿಗೆ ಗೊತ್ತಾಗಲ್ವಾ? ಆಸ್ಪತ್ರೆಗೆ ಹೋದ್ರೆ ಚೆನ್ನಾಗಿರೋ ಮನುಷ್ಯನ್ನೂ ರೋಗಿ ಮಾಡಿ ಕಳಿಸ್ತಾರೆ."

ತಾವೇ ಗೇಟಿನವರೆಗೆ ಹೋಗಿ ಟ್ಯಾಕ್ಸಿಯನ್ನು ವಾಪಸ್ ಕಳಿಸಿದರು. ಗಂಡನೂ ಅಮ್ಮ ಹೇಳುವುದೇ ಸರಿ, ಸ್ವಲ್ಪ ಮಲಗುತ್ತೇನೆ ಅಂದ. ಅವಳು ಸೋತಳು. ಮಲಗಿದವನು ಏಳಲಿಲ್ಲ. ಮಗಳು ಟ್ಯೂಷನ್ ಮುಗಿಸಿ ಬರುವಾಗ ಮನೆ ಮುಂದೆ ಆಗಲೇ ಜನ ಸೇರಿದ್ದರು.

ಮರುದಿನ, ನೆಂಟರಿಷ್ಟರು ತುಂಬಿದ್ದ ಅದೇ ಹಾಲಿನಲ್ಲಿ ಅತ್ತೆ ಎದೆ ಬಡಿದುಕೊಂಡು ಅತ್ತರು: "ಆಸ್ಪತ್ರೆಗೆ ಕರ್ಕೊಂಡು ಹೋಗೇ ಅಂತ ಬಡ್ಕೊಂಡೆ. ಯಾವುದೋ ಮಾತ್ರೆ ನುಂಗಿಸಿ ಮಲಗಿಸಿಬಿಟ್ಟಳು ನನ್ನ ಮಗನ್ನ!"

ಅವಳು ಕಿವಿಯಾರೆ ಕೇಳಿಸಿಕೊಂಡಳು. ಮಗನನ್ನು ಕಳೆದುಕೊಂಡವರು, ದುಃಖದಲ್ಲಿ ಬಾಯಿಗೆ ಬಂದದ್ದು ಆಡುತ್ತಿದ್ದಾರೆ, ನಾಲ್ಕು ದಿನ ಹೋದರೆ ತಾವೇ ಸರಿಮಾಡುತ್ತಾರೆ ಎಂದುಕೊಂಡು ಸುಮ್ಮನಾದಳು. ಎಂಥ ಒಳ್ಳೆಯತನ! ಅವಳ ಜೀವಮಾನದ ದಡ್ಡತನ ಅದೊಂದೇ. ನಾಲ್ಕು ದಿನದಲ್ಲಿ ಆ ಮಾತು ನಾಲ್ಕು ಮನೆ ದಾಟಿತು. ಮದುವೆ ಮನೆಗಳಲ್ಲಿ ಅವಳ ಬೆನ್ನ ಹಿಂದೆ, ಆದರೆ ಅವಳಿಗೆ ಕೇಳಿಸುವ ಹಾಗೆ, "ಊರಿಗೆಲ್ಲ ಔಷಧಿ ಕೊಡ್ತಾಳೆ, ಕಟ್ಟಿಕೊಂಡವನಿಗೆ ಸರಿಯಾದ್ದು ಕೊಡೋಕೆ ಆಗಲಿಲ್ಲ," ಅನ್ನುವುದು ಶುರುವಾಯಿತು. ಒಮ್ಮೆ ತಡೆಯಲಾರದೆ ಮೈದುನನ ಹತ್ತಿರ ನಿಜ ಹೇಳಿದಳು. ಅವನು ತಲೆ ತಗ್ಗಿಸಿ, "ಹೋದವನು ಹೋದ ಅತ್ತಿಗೆ. ಈಗ ವಯಸ್ಸಾದವರ ಮೇಲೆ ಹಾಕೋದು ಚೆನ್ನಾಗಿರಲ್ಲ," ಅಂದ. ಅಲ್ಲಿಗೆ ಅವಳ ಬಾಯಿ ಮುಚ್ಚಿತು. ಮಗಳಿಗೂ ತಾನಾಗಿ ಹೇಳಲಿಲ್ಲ, ಹೇಳಿದರೂ ನಂಬುವುದಿಲ್ಲ ಅನ್ನಿಸಿತ್ತು.

ಊರಿನವರು ಏನಂದರೂ ಅವಳು ಸಹಿಸುತ್ತಿದ್ದಳು. ಸಹಿಸಲಾಗದ್ದು ಮಗಳದು. ಮಗಳು ಒಂದು ದಿನವೂ ಜಗಳವಾಡಲಿಲ್ಲ, ಒಂದು ಬಿರುಸಿನ ಮಾತೂ ಆಡಲಿಲ್ಲ. ಹಾಸ್ಟೆಲಿನಲ್ಲಿ ಜ್ವರ ಬಂದರೆ ಚಿಕ್ಕಪ್ಪನಿಗೆ ಫೋನ್ ಮಾಡುತ್ತಿದ್ದಳು, ಅಷ್ಟೆ. ಅಮ್ಮ ಕೊಟ್ಟ ಮಾತ್ರೆಯನ್ನು ಅವಳು ನುಂಗುತ್ತಿರಲಿಲ್ಲ. ಒಂದು ಸಲ ಬೀರುವಿನ ಬಟ್ಟೆಯ ಕೆಳಗೆ ಹಾಗೇ ಇಟ್ಟಿದ್ದ ಮಾತ್ರೆಗಳು ಸಿಕ್ಕವು. ಆ ದಿನ ತಾಯಿ ಬಚ್ಚಲಿನಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು.

ಹೀಗಿರುವಾಗ ಯಾತ್ರೆಯ ಮಾತು ಎದ್ದಿತು. ಅವಳು ರಜೆ ಸಿಗುವುದಿಲ್ಲ ಎಂದು ನುಣುಚಿಕೊಳ್ಳಲು ನೋಡಿದಳು. ಒಂದು ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದಾಗ ಅತ್ತೆ ಒಳಗೆ ಬಂದು ಬಾಗಿಲು ಮುಂದೆ ಮಾಡಿಕೊಂಡರು.

"ಏಯ್ ಇವಳೇ. ನೀನೂ ಬಾ. ಇದನ್ನ ಇಟ್ಕೊಂಡು ಸಾಯೋಕೆ ನನ್ನ ಕೈಲಾಗಲ್ಲ. ಟ್ಯಾಕ್ಸಿ ಕಳಿಸಿದ್ದು ನಾನೇ ಅಂತ ದೇವರ ಸನ್ನಿಧಿಯಲ್ಲಿ ಎಲ್ಲರನ್ನೂ ನಿಲ್ಲಿಸ್ಕೊಂಡು ಹೇಳ್ತೀನಿ. ನಿನ್ನ ಮಗಳ ಎದುರಿಗೇ ಹೇಳ್ತೀನಿ."

ಅವಳ ಕೈಯಲ್ಲಿದ್ದ ತಟ್ಟೆ ಸಿಂಕಿಗೆ ಬಿತ್ತು. ರಜೆಗೆ ಬಂದ ಮಗಳು ಆಚೆ ರೂಮಿನಲ್ಲೇ ಇದ್ದಾಳಲ್ಲ, ಬಾಗಿಲು ತೆಗೆದು ಈಗಲೇ ಹೇಳಬಹುದಲ್ಲ ಎಂದು ಹೊಳೆಯದೆ ಇರಲಿಲ್ಲ. ಕೇಳಿದರೆ ಎಲ್ಲಿ ಮನಸ್ಸು ಬದಲಾಗುತ್ತದೋ ಎಂಬ ಭಯಕ್ಕೆ ಕೇಳಲಿಲ್ಲ. ಮರುದಿನ ಅಂಗಡಿ ಮಾಲೀಕನ ಕೈಕಾಲು ಹಿಡಿದು ರಜೆ ತೆಗೆದುಕೊಂಡಳು.

ಯಾತ್ರೆಯ ಮೊದಲ ಗುಡಿ ದೇವಿಯದು. ದರ್ಶನಕ್ಕೆ ನಿಂತಾಗ ಅವಳು ಅತ್ತೆಯ ಮೊಣಕೈ ಮುಟ್ಟಿದಳು. "ಇಲ್ಲಿ ಬೇಡ ಕಣೇ. ಹೆಣ್ಣು ದೇವರು, ನನ್ನ ಕಷ್ಟ ಇವಳಿಗೆ ಅರ್ಥವಾಗಲ್ಲ," ಅಂದರು ಅತ್ತೆ. ಎರಡನೆಯ ಗುಡಿಯಲ್ಲಿ ನೂಕುನುಗ್ಗಲು. ಪೂಜಾರಿಗಳು "ನಡೀರಿ, ನಡೀರಿ" ಎಂದು ಜನರನ್ನು ಕುರಿಗಳ ಹಾಗೆ ಅಟ್ಟುತ್ತಿದ್ದರು. "ಈ ಗಲಾಟೆಯಲ್ಲಿ ದೇವರಿಗಾದರೂ ಕೇಳಿಸುತ್ತಾ?" ಅಂದರು. ಮೂರನೆಯ ಕಡೆ ತಲೆಸುತ್ತು ಬಂತು. ನಿಜವಾದ ತಲೆಸುತ್ತೇ, ಅವಳೇ ಬಿಪಿ ನೋಡಿದಳು. ಉಳಿದದ್ದು ಇದೊಂದು, ಎಲ್ಲಕ್ಕಿಂತ ಮೇಲಿನದು. ನಿನ್ನೆ ಸಂಜೆ, ಗೋಡೆಯಲ್ಲಿ ನೀರು ಜಿನುಗುತ್ತಿದ್ದ ವಸತಿಗೃಹದ ರೂಮಿನಲ್ಲಿ, ಒದ್ದೆ ವಾಸನೆಯ ರಜಾಯಿ ಎತ್ತಿ ಅತ್ತೆಯ ಪಾದಕ್ಕೆ ಎಣ್ಣೆ ಉಜ್ಜುತ್ತಾ, "ನಾಳೆ ತಪ್ಪಿಸಬೇಡಿ ಅತ್ತೆ," ಅಂದಳು. ಅತ್ತೆ ಕಣ್ಣು ಮುಚ್ಚಿಕೊಂಡೇ, "ನಾಳೆ ತಪ್ಪಲ್ಲ," ಅಂದಿದ್ದರು.

ಈಗ ಬುಟ್ಟಿ ಒಂದೊಂದೇ ತಿರುವು ಏರುತ್ತಿತ್ತು. ಕಲ್ಲುಹಾದಿಯ ಮೇಲೆ ಮಂಜುನೀರು ಹರಿಯುತ್ತಿತ್ತು. ಪ್ಲಾಸ್ಟಿಕ್ ರೇನ್‌ಕೋಟು ಹಾಕಿಕೊಂಡ ಜನ ಕೋಲೂರಿಕೊಂಡು, ದೇವರ ಹೆಸರು ಕೂಗಿಕೊಂಡು, ಕೂಗಲು ಉಸಿರಿಲ್ಲದಾಗ ಕುದುರೆಯವರನ್ನು ಬೈದುಕೊಂಡು ಹತ್ತುತ್ತಿದ್ದರು. ಅತ್ತೆ ಶಾಲಿನೊಳಗೆ ಮುದುಡಿಕೊಂಡು ಅವಳನ್ನೇ ನೋಡುತ್ತಿದ್ದರು. ಬೇರೆ ನೋಡಲು ಏನೂ ಇರಲಿಲ್ಲ. ಅವಳು ನೆಲ ನೋಡಿಕೊಂಡು ನಡೆದರೂ ಆ ನೋಟ ನೆತ್ತಿಗೆ ತಾಗುತ್ತಿತ್ತು.

"ಇವನಿಗೆ ನಮ್ಮ ಮಾತು ಬರಲ್ಲ, ಅಲ್ವಾ?" ಅತ್ತೆ ಬೆನ್ನ ಹಿಂದಿನವನ ಕಡೆ ಹೆಬ್ಬೆರಳು ತೋರಿಸಿ ಕೇಳಿದರು.

"ಇಲ್ಲ ಅತ್ತೆ."

"ಅವತ್ತು ಎಲ್ಲರೂ ನನ್ನೇ ನೋಡ್ತಿದ್ರು ಕಣೇ. ಯಾಕೆ ಆಸ್ಪತ್ರೆಗೆ ಒಯ್ಯಲಿಲ್ಲ, ಯಾಕೆ ಒಯ್ಯಲಿಲ್ಲ ಅಂತ ಬಂದವರೆಲ್ಲ ಅದೇ ಪ್ರಶ್ನೆ. ನಾನು ಬೇಡ ಅಂದೆ ಅಂತ ಯಾವ ಬಾಯಲ್ಲಿ ಹೇಳಲಿ? ನೀನು ಮೂಲೆಯಲ್ಲಿ ಕೂತಿದ್ದೆ. ಅಳ್ತಾನೂ ಇರಲಿಲ್ಲ. ನಿನ್ನ ಕಡೆ ಕೈ ತೋರಿಸಿಬಿಟ್ಟೆ." ಸ್ವಲ್ಪ ಹೊತ್ತು ಬುಟ್ಟಿ ಕಿರುಗುಟ್ಟಿತು. "ಒಂದು ಸಲ ಹೇಳಿದ್ಮೇಲೆ ನನಗೇ ಅದು ನಿಜ ಅನ್ನಿಸೋಕೆ ಶುರುವಾಯ್ತು. ಹಗಲು ಹೊತ್ತು ಅನ್ನಿಸುತ್ತೆ. ನಿದ್ದೆ ಬರದೆ ಇದ್ದಾಗ ಅನ್ನಿಸಲ್ಲ."

ಅತ್ತೆಯ ಕಣ್ಣು ಮೂಗು ಒಟ್ಟಿಗೆ ಸುರಿಯಿತು. ಕೈ ಶಾಲಿನೊಳಗೆ ಸಿಕ್ಕಿಹಾಕಿಕೊಂಡಿತ್ತು. ಅವಳು ಎರಡು ಹೆಜ್ಜೆ ಬೇಗ ಇಟ್ಟು, ತನ್ನ ಸೆರಗಿನಿಂದಲೇ ಆ ಮುಖ ಒರೆಸಿದಳು. ಒರೆಸುವಾಗ ಅವಳಿಗೂ ಅಳು ಬಂತು. ಮಗಳ ಎದುರಿಗೆ ಇದೇ ಮಾತನ್ನು ಒಂದು ಸಲ ಹೇಳಲಿ ಸಾಕು, ಈ ಮುದುಕಿಯ ಕಾಲನ್ನು ಸಾಯುವ ತನಕ ಒತ್ತುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಅದು ಬರಿಯ ಬಾಯಿಮಾತಾಗಿರಲಿಲ್ಲ. ಹಾಗೇ ಮಾಡುತ್ತಿದ್ದಳು ಕೂಡ.

"ಅಷ್ಟನ್ನೇ ಅವಳಿಗೆ ಹೇಳಿ ಅತ್ತೆ. ಬೇರೆ ಯಾರಿಗೂ ಬೇಡ."

"ಹೇಳ್ತೀನಿ ಅಂದ್ನಲ್ಲ. ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?"

ಮೇಲೆ ಮೈದುನ ಪೂಜಾ ತಟ್ಟೆಗಳನ್ನು ಹಿಡಿದು ಕಾಯುತ್ತಿದ್ದ. ಕುದುರೆಯ ಮೇಲೆ ಕೂತು ಬಂದದ್ದಕ್ಕೇ ಸೊಂಟ ಮುರಿಯಿತು ಎಂದು ಓರಗಿತ್ತಿ ನರಳುತ್ತಿದ್ದಳು. ಹಿರಿಸೊಸೆ ಅತ್ತೆಯನ್ನು ಬುಟ್ಟಿಯಿಂದ ಇಳಿಸಿ, ಮರಗಟ್ಟಿದ ಕಾಲು ಉಜ್ಜಿ ನಿಲ್ಲಿಸಿದಳು. ಸಾಲು ಗರ್ಭಗುಡಿಯ ಹತ್ತಿರ ಬಂದಾಗ ಮಗಳ ತೋಳು ಹಿಡಿದು ಎಳೆದು ಅತ್ತೆಯ ಪಕ್ಕಕ್ಕೇ ನಿಲ್ಲಿಸಿದಳು. "ಏನಮ್ಮ ಇದು, ಎಳೀಬೇಡ," ಅಂದಳು ಮಗಳು.

ಒಳಗೆ ಕತ್ತಲು, ತುಪ್ಪದ ಹೊಗೆ, ಕಾಲಿಗೆ ಕೊರೆಯುವ ಒದ್ದೆ ಕಲ್ಲು. ಎಲ್ಲರೂ ಕತ್ತು ನೀಟಿ ದೇವರನ್ನು ನೋಡುತ್ತಿದ್ದರೆ ಹಿರಿಸೊಸೆ ಅತ್ತೆಯ ಬಾಯನ್ನೇ ನೋಡುತ್ತಿದ್ದಳು. ಅಷ್ಟು ದೂರ ಹೋಗಿ ಅವಳು ದೇವರನ್ನು ನೋಡಲೇ ಇಲ್ಲ. ಅತ್ತೆ ಕಂಬಿ ಹಿಡಿದುಕೊಂಡು ನಿಂತರು. ತುಟಿ ಅಲುಗತೊಡಗಿತು, ಕೆನ್ನೆಯ ಮೇಲೆ ನೀರು ಇಳಿಯಿತು. ಬಹಳ ಹೊತ್ತು ಅಲುಗಿತು. ದನಿ ಮಾತ್ರ ಹೊರಡಲಿಲ್ಲ. ಪೂಜಾರಿ ಎರಡು ಸಲ ಗದರಿಸಿದ ಮೇಲೆ ಅತ್ತೆ ತಿರುಗಿದರು. ಹಬೆ ಒರೆಸಿದ ಕನ್ನಡಿಯ ಹಾಗೆ ಮುಖ ತಿಳಿಯಾಗಿತ್ತು.

ಹೊರಗೆ ಅಂಗಳದ ಕಟ್ಟೆಯ ಮೇಲೆ ಕೂರಿಸುವಾಗ ಅತ್ತೆ ಅವಳ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು. "ಹೇಳಿಬಿಟ್ಟೆ ಕಣೇ."

"ಯಾರಿಗೆ?"

"ಯಾರಿಗೆ ಅಂದ್ರೆ? ಅವನಿಗೆ! ಎಲ್ಲಾ ಹೇಳಿದೆ, ಒಂದಕ್ಷರ ಬಿಡಲಿಲ್ಲ. ಹೇಳಿ ಮುಗಿಸ್ತಿದ್ದ ಹಾಗೇ ಹೂವು ಬಿತ್ತು, ನೋಡಲಿಲ್ವಾ? ಬಲಗಡೆಗೇ ಬಿತ್ತು. ಕ್ಷಮಿಸಿಬಿಟ್ಟ. ಅಬ್ಬಾ, ಹತ್ತು ವರ್ಷ ಚಿಕ್ಕವಳಾದೆ."

"ಮಗಳ ಎದುರಿಗೆ ಹೇಳ್ತೀನಿ ಅಂದಿದ್ರಿ, ಅತ್ತೆ."

"ಅಷ್ಟು ದೊಡ್ಡವನೇ ಕ್ಷಮಿಸಿದ್ಮೇಲೆ ಈ ಮಕ್ಕಳು ಮರಿಗಳ ಹತ್ರ ಇನ್ನೇನೇ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಮೈದುನ ಪ್ರಸಾದದ ಪೊಟ್ಟಣ ಹಂಚುತ್ತಾ ಬಂದ. ಇಂಥ ಕ್ಷೇತ್ರಕ್ಕೆ ಬಂದವರು ಏನಾದರೊಂದನ್ನು ಬಿಟ್ಟು ಹೋಗಬೇಕಂತೆ, ಬಿಟ್ಟದ್ದನ್ನು ಜನ್ಮದಲ್ಲಿ ಮತ್ತೆ ಮುಟ್ಟಬಾರದಂತೆ, ಇಲ್ಲದಿದ್ದರೆ ಯಾತ್ರೆಯ ಫಲವಿಲ್ಲವಂತೆ. ತಾನು ಹಾಗಲಕಾಯಿ ಬಿಟ್ಟೆ ಅಂದ. ಹುಟ್ಟಿದಾಗಿನಿಂದ ಅವನು ಹಾಗಲಕಾಯಿ ಬಾಯಿಗಿಟ್ಟವನಲ್ಲ. ಓರಗಿತ್ತಿ ಕಾಫಿ ಬಿಟ್ಟೆ ಅಂದು, ಟೀ ಕುಡಿಯಬಹುದಲ್ಲವೇ ಎಂದು ಕೂಡಲೇ ಖಾತ್ರಿಪಡಿಸಿಕೊಂಡಳು. ಎಲ್ಲರೂ ನಕ್ಕರು.

"ಅಮ್ಮಾ, ನೀನು?"

ಅತ್ತೆ ಶಾಲು ಸರಿಮಾಡಿಕೊಂಡರು. "ನಾನು ಒಂದು ಮಾತು ಬಿಟ್ಟೆ ಕಣೋ. ನಿಮ್ಮಣ್ಣ ಹೋದ ಸಂಜೆಯ ಮಾತು. ಅದನ್ನ ಇನ್ನು ನಾನು ಎತ್ತಲ್ಲ. ಯಾರ ಮೇಲೂ ನನಗೆ ಏನೂ ಇಲ್ಲ."

ಮೈದುನನ ಕಣ್ಣು ತುಂಬಿತು. ಮಗಳು ಅಜ್ಜಿಯ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು, ಎದ್ದು ಬಂದು ಅಮ್ಮನ ಕೈ ಹಿಡಿದುಕೊಂಡಳು. ಎಷ್ಟೋ ವರ್ಷದ ಮೇಲೆ ತಾನಾಗಿ ಹಿಡಿದ ಕೈ.

"ನಾನೂ ಅದನ್ನೇ ಬಿಟ್ಟೆ ಅಮ್ಮ. ನಿನ್ನ ಮೇಲೆ ಇದ್ದದ್ದನ್ನ. ಬೇಕು ಅಂತ ಮಾಡಿರಲ್ಲ ನೀನು. ತಪ್ಪು ಎಲ್ಲರಿಂದಲೂ ಆಗುತ್ತೆ. ಕ್ಷಮಿಸಿದ್ದೀನಿ."

"ಒಳ್ಳೇ ಕೆಲಸ ಮಾಡಿದೆ ನನ್ನಮ್ಮ," ಅಂದರು ಅತ್ತೆ, ಮೊಮ್ಮಗಳ ಬೆನ್ನು ಸವರಿ.

ಆ ಕೈ ಬೆಚ್ಚಗಿತ್ತು. ಹೂಂ ಅಂದುಬಿಟ್ಟಿದ್ದರೆ ಆ ಕೈ ಅವಳದಾಗುತ್ತಿತ್ತು. ಮಾಡದ ತಪ್ಪಿಗೆ ಸಿಕ್ಕ ಕ್ಷಮೆಯನ್ನು ಸೆರಗೊಡ್ಡಿ ತೆಗೆದುಕೊಂಡು, ಮಗಳ ಜೊತೆ ನಗುತ್ತಾ ಬೆಟ್ಟ ಇಳಿಯಬಹುದಿತ್ತು. ಒಂದು ಗಳಿಗೆ ಅವಳಿಗೆ ಹಾಗೂ ಅನ್ನಿಸಿತು. ಆದರೆ ಬಾಯಿ ಅವಳ ಮಾತು ಕೇಳಲಿಲ್ಲ.

"ಟ್ಯಾಕ್ಸಿ ನಾನು ತಂದು ನಿಲ್ಲಿಸಿದ್ದೆ. ವಾಪಸ್ ಕಳಿಸಿದ್ದು ನಿಮ್ಮಜ್ಜಿ. ನಾನು ಯಾವ ಮಾತ್ರೆಯನ್ನೂ ಕೊಡಲಿಲ್ಲ. ಇವತ್ತು ಹತ್ತಿ ಬರ್ತಾ ದಾರಿ ಉದ್ದಕ್ಕೂ ಅವರೇ ಒಪ್ಪಿಕೊಂಡಿದ್ದಾರೆ. ಕೇಳು."

ಓರಗಿತ್ತಿಯ ಕೈಯಲ್ಲಿದ್ದ ಪ್ರಸಾದ ಬಾಯಿಗೆ ಹೋಗದೆ ನಿಂತಿತು. ಮಗಳು ಅಜ್ಜಿಯ ಕಡೆ ತಿರುಗಿದಳು. "ಹೌದಾ ಅಜ್ಜಿ? ನಿಜ ಹೇಳು. ನೀನು ಹೇಳಿದ್ದನ್ನ ನಾನು ನಂಬ್ತೀನಿ."

ಅತ್ತೆಯ ಮುಖ ಒಂದು ಸಲ ಬಿಳುಚಿತು. ತುಟಿ ಒಳಗಿದ್ದಾಗಿನ ಹಾಗೇ ಅಲುಗಿತು. ಒಂದು ಹೌದು ಸಾಕಾಗಿತ್ತು, ತಲೆ ಆಡಿಸಿದ್ದರೂ ಸಾಕಾಗಿತ್ತು. ಆಮೇಲೆ ಆ ಮುಖ ಮತ್ತೆ ತಿಳಿಯಾಯಿತು.

"ನಾನು ಆ ಮಾತು ಬಿಟ್ಟಿದ್ದೀನಲ್ಲ ಮಗಳೇ. ದೇವರಿಗೆ ಬಿಟ್ಟದ್ದನ್ನ ಅವನ ಬಾಗಿಲಲ್ಲೇ ಮತ್ತೆ ಬಾಯಿಗೆ ತಗೊಳ್ಳಲಾ? ಅವಳು ಏನು ಬೇಕಾದ್ರೂ ಅನ್ನಲಿ. ನನ್ನ ಬಾಯಿ ಬಿಡಿಸಬೇಡ."

ಸುಳ್ಳು ಹೇಳಲಿಲ್ಲ ನೋಡಿ. ಅಷ್ಟು ಎತ್ತರದಲ್ಲಿ, ಅಂಥ ಸನ್ನಿಧಿಯಲ್ಲಿ ಆಕೆ ಸುಳ್ಳು ಹೇಳುವವರಲ್ಲ.

ಮಗಳು ಹಿಡಿದಿದ್ದ ಕೈ ಬಿಟ್ಟಳು. "ಅಜ್ಜಿ ನಿನ್ನ ಮಾನ ಉಳಿಸೋಕೆ ಬಾಯಿ ಮುಚ್ಕೊಂಡು ಕೂತಿದೆ. ನೀನು ನೋಡಿದ್ರೆ ಇಲ್ಲಿಗೆ ಬಂದೂ ಅಜ್ಜಿ ಮೇಲೇ ಹಾಕ್ತಿದ್ದೀಯ. ಥೂ, ಅಮ್ಮ."

"ಅತ್ತಿಗೆ, ಸ್ಥಳದ ಮಹಿಮೆ ನೋಡಿಯಾದ್ರೂ ಸುಮ್ನಿರಬಾರದಾ?" ಅಂದ ಮೈದುನ.

ಬುಟ್ಟಿಯವನು ಬೀಡಿ ಆರಿಸಿ ಎದ್ದು ಬಂದು, ಇಳಿಯುವ ಹೊತ್ತಾಯಿತೆಂದು ಕೈಸನ್ನೆ ಮಾಡಿದ. ಅತ್ತೆಯನ್ನು ಮೈದುನನೇ ಎತ್ತಿ ಕೂರಿಸಿದ. ಕೂತವರು ಕಾಲು ಇಳಿಬಿಟ್ಟು, ಏನೂ ಆಗದವರ ಹಾಗೆ, ದಿನದ ದನಿಯಲ್ಲೇ ಕರೆದರು. "ಏಯ್ ಇವಳೇ, ಬಾ. ಇಳಿಯೋವಾಗ ಭಯ ಆಗುತ್ತೆ, ಹತ್ರಾನೇ ಇರು. ಮಧ್ಯಾಹ್ನದ ಮಾತ್ರೆ ಎಲ್ಲಿ?"

ಅವಳು ಕೈಚೀಲದಿಂದ ಮಾತ್ರೆಗಳ ಡಬ್ಬಿ ತೆಗೆದು ಓರಗಿತ್ತಿಯ ಮಡಿಲಲ್ಲಿಟ್ಟಳು. ಊಟದ ಮುಂಚಿನದು ಯಾವುದು, ಆಮೇಲಿನದು ಯಾವುದು ಎಂದು ಕೌಂಟರಿನಲ್ಲಿ ಗಿರಾಕಿಗಳಿಗೆ ಹೇಳುವ ಹಾಗೆ ನಿಧಾನವಾಗಿ, ಬೆರಳಿಟ್ಟು ತೋರಿಸಿದಳು. ಆಕೆ ಮಿಕಿಮಿಕಿ ನೋಡಿದಳು. "ನನಗ್ಯಾಕೆ ಇದು, ಅಕ್ಕ?"

"ನಾನು ಏನು ಬಿಟ್ಟೆ ಅಂತ ಯಾರೂ ಕೇಳಲಿಲ್ಲವಲ್ಲ," ಅಂದಳು ಹಿರಿಸೊಸೆ. ಆಮೇಲೆ ಬುಟ್ಟಿಯ ಕಡೆ ತಿರುಗಿದಳು. "ನಿಮ್ಮನ್ನ ಬಿಟ್ಟೆ, ಅತ್ತೆ. ಇನ್ನು ಮುಟ್ಟೋ ಹಾಗಿಲ್ಲ."

ಮೈದುನ ತಮಾಷೆ ಎಂದುಕೊಂಡು ನಗಲು ಹೋದವನು ನಡುವೆಯೇ ನಿಲ್ಲಿಸಿದ. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಇಳಿಯುವ ದಾರಿ ಹಿಡಿದಳು. ಮೊದಲ ತಿರುವಿನಲ್ಲಿ ಒಮ್ಮೆ ನಿಂತಳು, ಮಗಳು ಕರೆಯಬಹುದೆಂದು. ಮಗಳು ಬುಟ್ಟಿಯ ಹತ್ತಿರ ಬಗ್ಗಿ ಅಜ್ಜಿಯ ಕಾಲಿಗೆ ಶಾಲು ಸುತ್ತುತ್ತಿದ್ದಳು.